ವಿದ್ಯುತ್ ಸ್ಕೂಟರ್: ಪೆಟ್ರೋಲ್ ಉಳಿತಾಯವೂ ಕರೆಂಟ್ ಬಿಲ್ಲಿನ ಲೆಕ್ಕವೂ

ವಿದ್ಯುತ್ ವಾಹನಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಫೇಮ್ ಸಹಾಯಧನ ಕಡಿತಗೊಳ್ಳುವ ಮುನ್ನ, 2023ರ ಮೇ ತಿಂಗಳಲ್ಲಿ, ಮೂರು ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿಯ ಸ್ಕೂಟರ್ ಒಂದನ್ನು ಬೆಂಗಳೂರಿನ ನಮ್ಮ ಮನೆಗೆ ತಂದೆವು. ಕಚೇರಿ, ಮಗಳ ಶಾಲೆ, ತರಕಾರಿ ಮಾರುಕಟ್ಟೆ ಎಲ್ಲಕ್ಕೂ ಅಂದಿನಿಂದ ಇದೇ ಗಾಡಿ. 2024ರ ಮಾರ್ಚ್‌ನಲ್ಲಿ ಪೆಟ್ರೋಲ್ ದರ ಎರಡು ರೂಪಾಯಿ ಇಳಿದಿತ್ತಾದರೂ, ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಅದು ಮತ್ತೆ 102 ರೂಪಾಯಿ ದಾಟಿತು. ಆ ಏರಿಕೆ ನಮ್ಮ ತಿಂಗಳ ಖರ್ಚಿಗೆ ತಟ್ಟಲಿಲ್ಲ.

ಪಾರ್ಕಿಂಗ್‌ನ 15 ಆಂಪಿಯರ್ ಪ್ಲಗ್ ಪಾಯಿಂಟ್‌ಗೆ ಸಬ್ ಮೀಟರ್ ಹಾಕಿಸಿರುವುದರಿಂದ ಲೆಕ್ಕ ನಿಖರವಾಗಿ ಸಿಗುತ್ತದೆ. ಚಾರ್ಜ್ ಆಗುವಾಗಿನ ನಷ್ಟವೂ ಸೇರಿ ಪೂರ್ತಿ ಚಾರ್ಜ್‌ಗೆ ಸುಮಾರು ಮೂರೂವರೆ ಯೂನಿಟ್ ಬೇಕು. ಊರೊಳಗಿನ ಓಡಾಟದಲ್ಲಿ ಅದು 80 ಕಿ.ಮೀ. ಬರುತ್ತದೆ. ಯೂನಿಟ್‌ಗೆ ತೆರಿಗೆ ಸೇರಿ ಏಳು ರೂಪಾಯಿ ಹಿಡಿದರೂ ಕಿಲೋಮೀಟರಿಗೆ 30 ಪೈಸೆ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರ್‌ಗೆ ಎರಡೂಕಾಲು ರೂಪಾಯಿ ಬೀಳುತ್ತದೆ.

ಆದರೆ ಗೃಹಜ್ಯೋತಿ ಪಡೆಯುವ ಮನೆಯವರು ಇಷ್ಟಕ್ಕೇ ತೀರ್ಮಾನಕ್ಕೆ ಬರಬಾರದು, ಮಾರಾಟ ಮಳಿಗೆಯಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ಈ ಯೋಜನೆಯಲ್ಲಿ ಉಚಿತ ಯೂನಿಟ್‌ಗಳನ್ನು 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ನಿಗದಿ ಮಾಡಲಾಗಿದೆ. ಅಂದರೆ ಆಮೇಲೆ ಕೊಂಡ ಗಾಡಿಯ ಚಾರ್ಜಿಂಗ್ ಅದರಲ್ಲಿ ಸೇರಿಲ್ಲ. ಮಿತಿ ಮೀರಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು, ಒಟ್ಟು ಬಳಕೆ 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ತಿಂಗಳಿಗೆ 900 ಕಿ.ಮೀ. ಓಡಿದರೆ ಸುಮಾರು 40 ಯೂನಿಟ್ ಹೆಚ್ಚುತ್ತದೆ. 170ರ ಆಸುಪಾಸಿನಲ್ಲಿರುವ ಮನೆ ಸಲೀಸಾಗಿ ಗೆರೆ ದಾಟುತ್ತದೆ. ಆಗ ಉಳಿದ ಎರಡು ಸಾವಿರದಷ್ಟು ಪೆಟ್ರೋಲ್ ಹಣದಲ್ಲಿ ಬಹುಪಾಲು ಬಿಲ್ಲಿಗೇ ಹೋಗುತ್ತದೆ. ಬೇಸಿಗೆಯಲ್ಲಿ ಫ್ಯಾನು, ಕೂಲರ್ ಓಡುವಾಗ ನಮಗೆ ಹೀಗಾದದ್ದುಂಟು. ಅದಕ್ಕಾಗಿಯೇ ಗೀಸರ್ ಬಳಕೆ ತಗ್ಗಿಸಿ, ಬಿಲ್ ದಿನಾಂಕಕ್ಕೆ ಮುನ್ನ ಮೀಟರ್ ನೋಡುವ ರೂಢಿ ಮಾಡಿಕೊಂಡಿದ್ದೇವೆ.

ಸವಾರಿಯ ಬಗ್ಗೆ ತಕರಾರಿಲ್ಲ. ಇಬ್ಬರು ಕೂತು ಏರುರಸ್ತೆ ಹತ್ತಿದರೆ ಚಾರ್ಜ್ ಬೇಗ ಇಳಿಯುತ್ತದೆ, ಶೇ 20ಕ್ಕಿಂತ ಕೆಳಗೆ ಎಳೆತ ಕುಗ್ಗುತ್ತದೆ. ಆಯಿಲ್ ಬದಲಾವಣೆಯ ಖರ್ಚಿಲ್ಲ. ಬ್ರೇಕ್ ಪ್ಯಾಡ್ ಮತ್ತು ಹಿಂದಿನ ಟೈರ್ ಮಾತ್ರ ಬದಲಾಗಿವೆ. ಬಾಡಿಗೆ ಮನೆಯಲ್ಲಿರುವವರು ಗಾಡಿಗೆ ಮುಂಗಡ ಕೊಡುವ ಮೊದಲೇ ಮನೆ ಮಾಲೀಕರಿಂದ ಪ್ಲಗ್ ಪಾಯಿಂಟ್‌ಗೆ ಒಪ್ಪಿಗೆ ಪಡೆದುಕೊಳ್ಳಿ, ಅದು ನಿಮ್ಮ ಮೀಟರಿಗೇ ಸೇರುತ್ತದೆಯೇ ಎಂದೂ ಕೇಳಿ.