ಹಳೆ ಕಾರಿಗೆ ಆಕ್ಸಿಜನ್ ಸೆನ್ಸಾರ್: ಮೂರು ಹಾಕಿ ನೋಡಿದ ಮೇಲೆ

ಎಂಜಿನ್ ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಳೆಯುವುದು ಆಕ್ಸಿಜನ್ ಸೆನ್ಸಾರ್. ಅದನ್ನು ನೋಡಿಯೇ ಎಂಜಿನ್ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಕೊಡಬೇಕೆಂದು ಲೆಕ್ಕ ಹಾಕುತ್ತದೆ. ನಮ್ಮ 2011ರ ಪೆಟ್ರೋಲ್ ಕಾರಿನಲ್ಲಿ ಈಗಿರುವುದು ಡೆನ್ಸೊ ಕಂಪನಿಯ ಸೆನ್ಸಾರ್. ಕನೆಕ್ಟರ್ ಸಮೇತ ಬರುವ ಡೈರೆಕ್ಟ್ ಫಿಟ್, ಅಂದರೆ ವೈರ್ ಕತ್ತರಿಸದೆ ನೇರ ಸಿಕ್ಕಿಸುವಂಥದ್ದು. ಇನ್ನು ಅದನ್ನು ಬಿಚ್ಚುವ ಮಾತೇ ಇಲ್ಲ. ಅದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ ಸಿಕ್ಕ ಅಗ್ಗದ ಮಾಲು ಹಾಕಿದ್ದೆ. ಆಮೇಲೆ ವೈರ್ ಕತ್ತರಿಸಿ ಜೋಡಿಸುವ ಯೂನಿವರ್ಸಲ್ ಸೆನ್ಸಾರ್ ಬಂತು.

ಇದೆಲ್ಲ ಶುರುವಾದಾಗ ಮೈಲೇಜ್ ಇಳಿದಿತ್ತು, ಚೆಕ್ ಎಂಜಿನ್ ದೀಪ ಆರುತ್ತಲೇ ಇರಲಿಲ್ಲ. ಸ್ಕ್ಯಾನರ್ ಹಚ್ಚಿದಾಗ ಪಿ0135 ಎಂದು ಬಂತು. ಎಂಜಿನ್ ಕಡೆಯ, ಅಂದರೆ ಮೇಲಿನ ಸೆನ್ಸಾರನ್ನು ಬಿಸಿ ಮಾಡುವ ಹೀಟರ್ ಸರ್ಕ್ಯೂಟ್ ಕೆಟ್ಟಾಗ ಬರುವ ಕೋಡ್ ಅದು. ಈ ಸೆನ್ಸಾರ್ ಸರಿಯಾಗಿ ಕೆಲಸ ಮಾಡಲು 300 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು. ನಾನು ದಿನಾ ಓಡಾಡುವುದು ಬೆಳಗಾವಿಯೊಳಗೇ, ಕ್ಯಾಂಪ್‌ನಿಂದ ಉದ್ಯಮಬಾಗಕ್ಕೆ. ಹೀಟರ್ ಇಲ್ಲದಿದ್ದರೆ ಸೆನ್ಸಾರ್ ಬಿಸಿಯಾಗುವಷ್ಟರಲ್ಲಿ ಸುಮಾರು ದಾರಿ ಮುಗಿದಿರುತ್ತದೆ. ಅಲ್ಲಿಯವರೆಗೆ ಎಂಜಿನ್ ಕಂಪ್ಯೂಟರ್ ಪೆಟ್ರೋಲ್ ಕೊಡುವುದು ಬರೀ ಅಂದಾಜಿನ ಮೇಲೆ. ಈ ಕೋಡ್ ಬಂದರೆ ಮೊದಲು ಫ್ಯೂಸ್ ನೋಡಿ. ಫ್ಯೂಸ್ ಹೋಗಿದ್ದರೂ ಇದೇ ಕೋಡ್ ಬರಬಹುದು.

ಅಗ್ಗದ್ದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಮಾರು ಒಂಬೈನೂರು ರೂಪಾಯಿ. ಕನೆಕ್ಟರ್ ಕೂತರೂ ಲಾಕ್ ಆಗಲಿಲ್ಲ, ವೈರ್ ಗಿಡ್ಡ. ಎಂಜಿನ್ ಬಿಸಿಯಾದ ಮೇಲೆ ಮೇಲಿನ ಸೆನ್ಸಾರಿನ ವೋಲ್ಟೇಜ್ 0.1 ಮತ್ತು 0.9ರ ನಡುವೆ ಬೇಗ ಬೇಗ ಏರಿಳಿಯಬೇಕು. ಇದರದ್ದು ಎಳೆದೆಳೆದು ಏರುತ್ತಿತ್ತು. ಮೈಲೇಜ್ ಒಂಚೂರೂ ಸುಧಾರಿಸಲಿಲ್ಲ. ತೆಗೆಸಿಬಿಟ್ಟೆ.

ಯೂನಿವರ್ಸಲ್ ಮಾತ್ರ ನಿಜವಾಗಿ ಕಾಡಿತು. ಸೆನ್ಸಾರ್ ಕೆಟ್ಟದ್ದಲ್ಲ. ತೊಂದರೆಯೆಲ್ಲ ಜೋಡಣೆಯಲ್ಲಿ. ಮೊದಲು ಕೆಟ್ಟಿದ್ದ ಹಳೆ ಸೆನ್ಸಾರಿನ ಕನೆಕ್ಟರ್ ಕತ್ತರಿಸಿ, ಅದರ ನಾಲ್ಕು ವೈರಿಗೆ ಹೊಸದರ ನಾಲ್ಕು ವೈರ್ ಸೇರಿಸಬೇಕು. ಆ ಹಳೆಯದೂ ಡೆನ್ಸೊನೇ. ಅದರಲ್ಲಿ ಎರಡು ಕಪ್ಪು ವೈರ್ ಹೀಟರಿಗೆ, ನೀಲಿ ಸಿಗ್ನಲ್‌ಗೆ, ಬಿಳಿ ಅದರ ಗ್ರೌಂಡಿಗೆ. ಹೊಸದರಲ್ಲಿ ಎರಡು ಬಿಳಿ ಹೀಟರಿಗೆ, ಕಪ್ಪು ಸಿಗ್ನಲ್‌ಗೆ, ಬೂದು ಬಣ್ಣದ್ದು ಗ್ರೌಂಡಿಗೆ. ಗ್ಯಾರೇಜಿನ ಮಿಸ್ತ್ರಿ ಕತ್ತರಿ ಹಿಡಿದು, "ಬಿಳಿಗೆ ಬಿಳಿ, ಕರಿಗೆ ಕರಿ ಹಚ್ಚಿ ಬಿಡೂಣ್ರಿ ಸರ" ಎಂದರು. ಹಾಗೆ ಮಾಡಿದ್ದರೆ ಹೀಟರಿನ 12 ವೋಲ್ಟ್ ಹೋಗಿ, ಒಂದು ವೋಲ್ಟೂ ದಾಟದ ಸಿಗ್ನಲ್ ವೈರಿಗೆ ಸೇರುತ್ತಿತ್ತು. "ತಡೀರಿ ಅಣ್ಣಾ, ಮೀಟರ್ ಹಚ್ಚಿ ನೋಡೋಣ" ಎಂದೆ. ಸೆನ್ಸಾರ್ ತಣ್ಣಗಿದ್ದಾಗ ಯಾವ ಎರಡು ವೈರಿನ ನಡುವೆ ಕೆಲವೇ ಓಮ್ ತೋರಿಸುತ್ತದೋ ಅದೇ ಹೀಟರ್ ಜೋಡಿ. ಹೀಗೆ ಖಾತ್ರಿ ಮಾಡಿಕೊಂಡು ಸೇರಿಸಿದೆವು.

ಬೆಸುಗೆ ಹಾಕುವಂತೆಯೂ ಇಲ್ಲ. ಸೆನ್ಸಾರ್ ಹೊಗೆಯನ್ನು ಹೊರಗಿನ ಗಾಳಿಯ ಜೊತೆ ಹೋಲಿಸಿ ಅಳೆಯುತ್ತದೆ. ಬಹಳಷ್ಟು ಸೆನ್ಸಾರ್‌ಗಳಲ್ಲಿ ಆ ಗಾಳಿ ಒಳಗೆ ಹೋಗುವುದು ವೈರಿನ ಎಳೆಗಳ ನಡುವಿನ ಸಂದಿಯಿಂದಲೇ. ಸೀಸ ಕರಗಿಸಿದರೆ ಆ ಸಂದಿ ಮುಚ್ಚಿಹೋಗುತ್ತದೆ. ಕನೆಕ್ಟರಿಗೆ ಗ್ರೀಸ್ ತುಂಬಬೇಡಿ ಅನ್ನುವುದೂ ಇದಕ್ಕೇ. ಹಾಗಾಗಿ ಕ್ರಿಂಪ್ ಮಾಡಿ, ಅಂದರೆ ಲೋಹದ ಕೊಳವೆಯೊಳಗೆ ವೈರ್ ಇಟ್ಟು ಒತ್ತಿ ಹಿಡಿಸಿ, ಮೇಲೆ ಸ್ಲೀವ್ ಹಾಕಬೇಕು.

ಅದೂ ಆಯಿತು. ಬೇಸಿಗೆಯಿಡೀ ಕಾರು ಚೆನ್ನಾಗಿ ಓಡಿತು. ಮಳೆ ಹಿಡಿಯಿತು ನೋಡಿ, ದೀಪ ಮತ್ತೆ ಬಂತು. ಬೆಳಗಾವಿ ಮಳೆ ಗೊತ್ತಲ್ವಾ? ಖಾನಾಪುರ ರಸ್ತೆಯ ಗುಂಡಿಗಳ ನೀರು ಕಾರಿನ ಕೆಳಗೆ ರಾಚುತ್ತದೆ. ಗೋವಾಕ್ಕೆ ಹೋಗುವಾಗ ಚೋರ್ಲಾ ಘಾಟಿನಲ್ಲಿ ಮೇಲಿಂದಲೂ ನೀರು, ಕೆಳಗಿಂದಲೂ ನೀರು. ಜೋಡಣೆಯೊಳಗೆ ತೇವ ಸೇರಿ ವೈರಿಗೆ ಹಸಿರು ಕಿಲುಬು ಹಿಡಿದಿತ್ತು. ಒಣಗಿದ ದಿನ ದೀಪ ಇಲ್ಲ, ಮಳೆಯ ದಿನ ಪಿ0135. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಘಾಟ್ ಏರುವಾಗ ಆ ದೀಪ ಬಂದರೆ ನನಗೆ ರಸ್ತೆಯ ಮೇಲೆ ಗಮನವೇ ನಿಲ್ಲುವುದಿಲ್ಲ.

ಡೆನ್ಸೊಗೆ ಮೂರು ಸಾವಿರ ದಾಟಿತು. ಯೂನಿವರ್ಸಲ್‌ಗೆ ಅದರ ಅರ್ಧ ಕೊಟ್ಟಿದ್ದೆ. ಆದರೆ ಎರಡು ಸಲ ಜೋಡಣೆ ಮಾಡಿಸಿದ ಕೂಲಿ ಸೇರಿಸಿದರೆ ಉಳಿತಾಯ ಏನೂ ಉಳಿಯಲಿಲ್ಲ. ಡೆನ್ಸೊಗೆ ವೈರ್ ಮುಟ್ಟುವ ಕೆಲಸವೇ ಇಲ್ಲ. 22 ಎಂಎಂ ಪಾನಾದಿಂದ ಬಿಗಿ ಮಾಡಿ, ಕನೆಕ್ಟರ್ ಒತ್ತಿದರೆ ಮುಗಿಯಿತು. ಎಂಜಿನ್ ಸ್ವಲ್ಪ ಬಿಸಿ ಇರುವಾಗಲೇ ಹಳೆಯದನ್ನು ಬಿಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿದ ಥ್ರೆಡ್ ಕಿತ್ತುಬರಬಹುದು. ಈಗ ಮಳೆಯಲ್ಲೂ ದೀಪ ಬರುವುದಿಲ್ಲ, ಮೈಲೇಜ್ ಹಳೆಯ ಲೆಕ್ಕಕ್ಕೆ ಮರಳಿದೆ.

15 ವರ್ಷ ತುಂಬಿದ ಮೇಲೆ ಆರ್‌ಸಿ ರಿನ್ಯೂ ಮಾಡಿಸಿ ಇದೇ ಕಾರನ್ನು ಇಟ್ಟುಕೊಳ್ಳುವ ಆಸೆ ನನಗೆ. ಹೊಸ ಕಾರಿನ ಕಂತು ಈಗ ಬೇಡ. ಫಿಟ್‌ನೆಸ್‌ಗೆ ಹೋಗುವಾಗ ಹೊಗೆ ತಪಾಸಣೆಯ ಚಿಂತೆ ಇರಬಾರದು ಎಂದೇ ಅಷ್ಟು ದುಡ್ಡು ಹಾಕಿದೆ. ನಿಮ್ಮದು ಒಣ ಊರಾಗಿದ್ದರೆ, ಅಥವಾ ಕೆಟ್ಟಿರುವುದು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಆಚೆಗಿನ ಸೆನ್ಸಾರ್ ಆಗಿದ್ದರೆ, ಯೂನಿವರ್ಸಲ್ ನಡೆದೀತು. ಆ ಸೆನ್ಸಾರಿನ ಮುಖ್ಯ ಕೆಲಸ ಕನ್ವರ್ಟರ್ ಮೇಲೆ ಕಣ್ಣಿಡುವುದು. ಮೇಲಿನದಕ್ಕಾದರೆ ಹಳೆಯದರ ಮೈಮೇಲೆ ಯಾವ ಕಂಪನಿಯ ಹೆಸರಿದೆ ನೋಡಿ. ಬಾಷ್ ಇದ್ದರೆ ಬಾಷ್, ಎನ್‌ಟಿಕೆ ಇದ್ದರೆ ಎನ್‌ಟಿಕೆ. ಪಾರ್ಟ್ ನಂಬರ್ ಹೊಂದಿಸಿ, ಬಿಲ್ ಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಿ.