ಮಳೆ ಅಳೆಯುವ ಪೈ ಝೀರೋಗೆ ಯಾವ ಕ್ರಾಸ್ ಕಂಪೈಲರ್?

ನಮ್ಮ ತೋಟ ಮೂಡಿಗೆರೆ ಹತ್ತಿರ. ಅಪ್ಪ ಇವತ್ತಿಗೂ ಮಳೆ ಲೆಕ್ಕವನ್ನು ಇಂಚು, ಸೆಂಟ್ಸ್‌ನಲ್ಲೇ (ಇಂಚಿನ ನೂರನೇ ಭಾಗ ಒಂದು ಸೆಂಟ್) ಪುಸ್ತಕಕ್ಕೆ ಬರೆಯುತ್ತಾರೆ. ಅದೇ ಲೆಕ್ಕವನ್ನು ರಾಸ್ಪ್‌ಬೆರಿ ಪೈ ಝೀರೋ ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ನಿಂದ ತೆಗೆಯೋಣ ಅಂತ ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಬರೆಯಲು ಒಂದು ಸಂಜೆ ಸಾಕಾಯಿತು. ಬೋರ್ಡ್ ಮೇಲೆ ಓಡಿಸಲು ಮೂರು ವಾರ ಹಿಡಿಯಿತು.

ಬೋರ್ಡ್‌ನಲ್ಲಿ ಓಡುವ ಕೋಡನ್ನು ಡೆಸ್ಕ್‌ಟಾಪಿನಲ್ಲೇ ತಯಾರಿಸಿಕೊಡುವುದು ಕ್ರಾಸ್ ಕಂಪೈಲರ್. ಮೊದಲು ಡೆಸ್ಕ್‌ಟಾಪಿನ ಉಬುಂಟು 22.04ರಲ್ಲಿ ಆಪ್ಟ್‌ನಿಂದ (ಸಾಫ್ಟ್‌ವೇರ್ ಇಳಿಸಿಕೊಳ್ಳುವ ಕಮಾಂಡ್) ಸಿಗುವ ರೆಡಿ ಕ್ರಾಸ್ ಕಂಪೈಲರ್ ಹಾಕಿದೆ. ಐದೇ ನಿಮಿಷದ ಕೆಲಸ. ಬಿಲ್ಡ್‌ನಲ್ಲಿ ಒಂದೂ ಎರರ್ ಇಲ್ಲ. ಬೋರ್ಡ್‌ಗೆ ಹಾಕಿ ಓಡಿಸಿದರೆ, ಗ್ಲಿಬ್‌ಸಿ (ಸಿ ಪ್ರೋಗ್ರಾಂಗಳಿಗೆ ಬೇಕಾದ ಮೂಲ ಲೈಬ್ರರಿ) 2.34 ಸಿಗುತ್ತಿಲ್ಲ ಎಂದಿತು. ಬೋರ್ಡ್‌ನಲ್ಲಿದ್ದದ್ದು 2.31. ಸರಿ, ಸ್ಟ್ಯಾಟಿಕ್ ಲಿಂಕ್ ಮಾಡಿದೆ, ಅಂದರೆ ಲೈಬ್ರರಿಯನ್ನು ಪ್ರೋಗ್ರಾಂ ಒಳಗೇ ಸೇರಿಸಿದೆ. ಆಗ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಬಿಟ್ಟಿತು. ಪೈ ಝೀರೋ ಚಿಪ್ ಎಆರ್‌ಎಂವಿ6. ಈ ಕಂಪೈಲರ್ ಕೊಡುವುದು ಅದಕ್ಕಿಂತ ಹೊಸ ತಲೆಮಾರಿನ ಚಿಪ್‌ಗಳ ಎಆರ್‌ಎಂವಿ7 ಕೋಡ್. ಯಾವ ಚಿಪ್‌ಗೆ ಕೋಡ್ ಬೇಕೆಂದು ಹೇಳುವ ‘-march’ ಆಪ್ಷನ್‌ನಲ್ಲಿ ಆರು ಅಂತ ಕೊಟ್ಟರೂ ನನ್ನ ಕೋಡ್ ಮಾತ್ರ ಬದಲಾಗುತ್ತದೆ. ಜೊತೆಗೆ ಸೇರುವ ಸ್ಟಾರ್ಟ್‌ಅಪ್ ಫೈಲು, ಲೈಬ್ರರಿ ಎಲ್ಲ ಏಳರಲ್ಲೇ ಉಳಿಯುತ್ತವೆ. ತಯಾರಾದ ಫೈಲನ್ನು ರೀಡ್‌ಎಲ್ಫ್‌ನಲ್ಲಿ (ಪ್ರೋಗ್ರಾಂ ಫೈಲಿನ ವಿವರ ತೋರಿಸುವ ಟೂಲ್) ತೆರೆದು ನೋಡಿದಾಗ ‘ವಿ7’ ಎಂದೇ ಇತ್ತು. ಬಿಲ್ಡ್ ಆಗುವಾಗ ಸುಳಿವೇ ಕೊಡದ ತಪ್ಪು ಇದು. ಹಾಗಾಗಿ ಹುಡುಕುವುದು ಜಾಸ್ತಿ ಕಷ್ಟ.

ಪೈ ಮೇಲೆಯೇ ಕಂಪೈಲ್ ಮಾಡಬಹುದಲ್ವಾ? ಮಾಡಿದೆ. ಸಣ್ಣ ಸಿ ಫೈಲಿಗೆ ಪರವಾಗಿಲ್ಲ. ದೊಡ್ಡ ಸಿ ಪ್ಲಸ್ ಪ್ಲಸ್ ಲೈಬ್ರರಿ ಸೇರಿಸಿದ ದಿನ 512 ಎಂಬಿ ಮೆಮೊರಿ ಸಾಲಲಿಲ್ಲ.

ಇನ್ನೊಂದು ಟೂಲ್ ಬಿಲ್ಡ್‌ರೂಟ್ ಒಳ್ಳೆಯದೇ, ಆದರೆ ಬೋರ್ಡ್‌ನ ಇಡೀ ಲಿನಕ್ಸ್ ಸಿಸ್ಟಂ ಕಟ್ಟುವವರಿಗೆ. ಟೂಲ್‌ಚೈನ್‌ನ (ಕಂಪೈಲರ್, ಲೈಬ್ರರಿಗಳ ಸೆಟ್) ಒಂದು ಆಯ್ಕೆ ಬದಲಿಸಿದರೂ ಮೇಕ್ ಕ್ಲೀನ್ ಕೊಟ್ಟು ಎಲ್ಲವನ್ನೂ ಮತ್ತೆ ಕಟ್ಟಬೇಕು.

ಕೊನೆಗೆ ಕೈ ಹಿಡಿದದ್ದು ಕ್ರಾಸ್‌ಟೂಲ್ ಎನ್‌ಜಿ, ನಮಗೆ ಬೇಕಾದ ಕ್ರಾಸ್ ಕಂಪೈಲರನ್ನು ನಾವೇ ಕಟ್ಟಿಕೊಳ್ಳುವ ಟೂಲ್. ಮೆನುವಿನಲ್ಲೇ ಎಆರ್‌ಎಂವಿ6, ಗ್ಲಿಬ್‌ಸಿ 2.31 ಎರಡನ್ನೂ ಆರಿಸಿದೆ. ಇದೂ ಸುಮ್ನೆ ಬಿಡಲಿಲ್ಲ. ಎಲ್‌ಡಿ ಲೈಬ್ರರಿ ಪಾತ್ (ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಸೆಟ್ಟಿಂಗ್) ಸೆಟ್ ಆಗಿದೆ, ತೆಗೆಯಿರಿ ಎಂದು ಶುರುವಿನಲ್ಲೇ ನಿಂತಿತು. ಅದು ನನಗೆ ಇಷ್ಟವಾಯಿತು. ಮೂರು ಗಂಟೆ ಆದಮೇಲೆ ಮುರಿದುಬೀಳುವುದಕ್ಕಿಂತ ಮೊದಲೇ ಹೇಳುವುದು ಎಷ್ಟೋ ವಾಸಿ. ಆಮೇಲೆ ಜಿಸಿಸಿ ಕಂಪೈಲರನ್ನು ಕಟ್ಟುವ ಕೊನೆಯ ಹಂತದಲ್ಲಿ ಬಿತ್ತು. ಬಿಲ್ಡ್ ಲಾಗಿನ ಕೊನೆಯ ಸಾಲು ಬರೀ ‘ಮೇಕ್, ಎರರ್ 2’. ಅದನ್ನು ಓದಿ ಏನೂ ಸಿಗದು. ಮೇಲಕ್ಕೆ ಹೋಗಿ ಮೊದಲ ಎರರ್ ಸಾಲು ಹುಡುಕಿದೆ. ಕಂಪೈಲರ್ ಪ್ರೋಗ್ರಾಂ ‘ಕಿಲ್ಡ್’ ಎಂದಿತ್ತು. ಅಂದರೆ ಡೆಸ್ಕ್‌ಟಾಪಿನ 4 ಜಿಬಿ ಮೆಮೊರಿಯೇ ಮುಗಿದಿತ್ತು. ಒಟ್ಟಿಗೆ ಎಂಟು ಜಾಬ್ ಓಡಿಸುತ್ತಿದ್ದೆ, ಎರಡಕ್ಕೆ ಇಳಿಸಿದೆ.

ಮಧ್ಯದ ಹಂತಗಳನ್ನು ಉಳಿಸುವ ಆಯ್ಕೆಯನ್ನು ಮೊದಲೇ ಆನ್ ಮಾಡಿದ್ದೆ. ಜೂನ್ ತಿಂಗಳಲ್ಲಿ ನಮ್ಮ ಕಡೆ ಗಾಳಿ ಬೀಸಿದರೆ ಸಾಕು, ಕರೆಂಟ್ ಹೋಗುತ್ತದೆ. ಹಂತದ ಹೆಸರಿನ ಕೊನೆಗೆ ಪ್ಲಸ್ ಹಾಕಿ ಕೊಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ. ಡಿಸ್ಕ್ ಜಾಗ ಜಾಸ್ತಿ ತಿನ್ನುತ್ತದೆ, ತಿನ್ನಲಿ.

ಈಗ ರೀಡ್‌ಎಲ್ಫ್ ‘ವಿ6’ ಎನ್ನುತ್ತದೆ. ಪಂಪ್‌ಹೌಸ್‌ನ ಪೈ 3ಕ್ಕೆ ಮಾತ್ರ ಆಪ್ಟ್‌ನ ಕಂಪೈಲರನ್ನೇ ಉಳಿಸಿಕೊಂಡಿದ್ದೇನೆ. ಅದರ ಚಿಪ್ ಎಆರ್‌ಎಂವಿ7 ಕೋಡ್ ಓಡಿಸುತ್ತದೆ, ಅದರಲ್ಲಿರುವ ಗ್ಲಿಬ್‌ಸಿ 2.36, ಅಂದರೆ 2.34ಕ್ಕಿಂತ ಹೊಸದು.