ಕರಿ 4ರಿಂದ ಕರಿ 1ರವರೆಗೆ: ಶ್ರುತಿಪೆಟ್ಟಿಗೆ ಜೊತೆ ನಾಲ್ಕು ಮಳೆಗಾಲ

2021ರ ದಸರಾ ರಜೆಯಲ್ಲಿ ಹುಬ್ಬಳ್ಳಿಯ ವಾದ್ಯದ ಅಂಗಡಿಯಿಂದ ಈ ಎಲೆಕ್ಟ್ರಾನಿಕ್ ತಂಬೂರಿ ತಂದೆ. ಕೊಟ್ಟಿದ್ದು 4,200 ರೂಪಾಯಿ. ‘ಮನೆಯಲ್ಲಿ ಯಾರು ಹಾಡ್ತಾರೆ?’ ಎಂದು ಅಂಗಡಿಯವರು ಕೇಳಿದರು. ಯಾರೂ ಹಾಡುವುದಿಲ್ಲ, ನಾನು ಬರೆಯುವಾಗ ಹಚ್ಚಿಟ್ಟುಕೊಳ್ಳುತ್ತೇನೆ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದ್ರೆ ಸ್ಪೀಕರ್ ಚೆನ್ನಾಗಿರೋದು ತಗೊಳ್ಳಿ, ಸಣ್ಣ ದನಿಯಲ್ಲಿ ಗಂಟೆಗಟ್ಟಲೆ ಕೇಳ್ತೀರಲ್ಲ’ ಎಂದರು. ಅದು ಒಳ್ಳೆಯ ಸಲಹೆ. ನೀವೂ ಪಾಲಿಸಿ.

ನಾನು ಕುಮಟಾದಲ್ಲಿ ಹೈಸ್ಕೂಲ್ ಟೀಚರ್. ಹದಿಹರೆಯದ ಮಕ್ಕಳಿಗೆ ಕಾದಂಬರಿ ಬರೆಯುತ್ತೇನೆ. ಈ ಪೆಟ್ಟಿಗೆ ಹಚ್ಚಿಕೊಂಡು ಒಂದು ಕಾದಂಬರಿ ಮುಗಿಸಿದೆ, ಎರಡನೆಯದು ನಡೆದಿದೆ. ಕಂಪನಿ ಹೆಸರು ಇಲ್ಲಿ ಬರೆಯುತ್ತಿಲ್ಲ. ರಿಪೇರಿ ವಿಚಾರದಲ್ಲಿ ನನಗೆ ಬೇಸರ ಇದೆ, ಆದರೆ ಒಂದು ಪೆಟ್ಟಿಗೆ ನೋಡಿ ಎಲ್ಲವನ್ನೂ ಅಳೆಯುವುದು ನ್ಯಾಯ ಅಲ್ಲ.

ಮೊದಲು ಪೆಟ್ಟಿಗೆ ಏನು ಮಾಡುತ್ತದೆ ಅಂತ ಹೇಳುತ್ತೇನೆ. ತಂಬೂರಿಯ ನಾಲ್ಕು ತಂತಿಯ ನಾದ ಒಂದಾದ ಮೇಲೊಂದು ಬರುತ್ತದೆ. ಮೊದಲು ಪಂಚಮ (ಪ), ಆಮೇಲೆ ಎರಡು ಸಲ ಷಡ್ಜ (ಸ), ಕೊನೆಗೆ ಮಂದ್ರ ಷಡ್ಜ, ಅಂದರೆ ಕೆಳಗಿನ ಸ. ಪಂಚಮ ಇಲ್ಲದ ಮಾಲಕಂಸದಂಥ ರಾಗ ಹಾಡುವವರು ಅದನ್ನು ಮಧ್ಯಮಕ್ಕೆ (ಮ) ಬದಲಿಸಿಕೊಳ್ಳಬಹುದು. ಶ್ರುತಿ ಏರಿಸಿ ಇಳಿಸಲು ಒಂದು ತಿರುಗಣೆ, ಮೀಟುವ ವೇಗಕ್ಕೆ ಒಂದು, ದನಿಗೆ ಒಂದು. ಅಷ್ಟೇ. ಶ್ರುತಿಯ ಒಂದೊಂದು ಮೆಟ್ಟಿಲಿಗೆ ‘ಮನೆ’ ಅನ್ನುತ್ತೇವೆ; ಕರಿ 4, ಬಿಳಿ 5 ಎಂಬ ಹೆಸರುಗಳು ಹಾರ್ಮೋನಿಯಂನ ಕರಿ, ಬಿಳಿ ಮನೆಗಳಿಂದ ಬಂದವು. ಇಂಥ ಪೆಟ್ಟಿಗೆ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಅದನ್ನು ತಯಾರಿಸಿದರು. ಇವತ್ತು ನಮ್ಮ ಕಡೆ ಯಕ್ಷಗಾನದಲ್ಲಿ ಪದ ಹಾಡುವ ಭಾಗವತರ ಪಕ್ಕದಲ್ಲೂ ಇದು ಇರುತ್ತದೆ. ಹಿಂದೆ ಪುಂಗಿ ಊದಿ ಶ್ರುತಿ ಕೊಡುತ್ತಿದ್ದರು, ಆಮೇಲೆ ಹಾರ್ಮೋನಿಯಂ ಬಂತು, ಈಗ ಈ ಪೆಟ್ಟಿಗೆ.

ಮೊದಲೆಲ್ಲ ಫೋನಿನಲ್ಲಿ ಹಾಡು ಹಾಕಿಕೊಂಡು ಬರೆಯುತ್ತಿದ್ದೆ. ಹಾಡಿನಿಂದ ಹುಮ್ಮಸ್ಸು ಬರುವುದು ನಿಜ. ಒಂದು ಒಳ್ಳೆಯ ಭಾವಗೀತೆ ಕೇಳಿ ಎದ್ದರೆ ಎರಡು ಪುಟ ಸರಸರ ಓಡುತ್ತದೆ. ಆದರೆ ಹಾಡಿನಲ್ಲಿ ಮಾತು ಇದೆ, ಅಲ್ವಾ? ಆ ಮಾತು ನಮಗೆ ಗೊತ್ತಾಗದೆ ಕೈಗೆ ಇಳಿಯುತ್ತದೆ. ಒಂದು ಸಲ ನನ್ನ ಕಥೆಯ 14 ವರ್ಷದ ಹುಡುಗಿ ತನ್ನ ಗೆಳತಿಗೆ ‘ಕನಸಿನ ಕಡಲು’ ಅಂದುಬಿಟ್ಟಳು. ನಮ್ಮೂರ ಹುಡುಗಿಯರು ಕಡಲಿನ ಪಕ್ಕದಲ್ಲೇ ಹುಟ್ಟಿ ಬೆಳೆದವರು. ಯಾರೂ ಹಾಗೆ ಮಾತಾಡುವುದಿಲ್ಲ. ಆ ಮಾತು ನನ್ನದೂ ಆಗಿರಲಿಲ್ಲ, ಅವಳದೂ ಆಗಿರಲಿಲ್ಲ. ಇನ್ನೊಂದು ತೊಂದರೆ, ಹಾಡು ನಾಲ್ಕೈದು ನಿಮಿಷಕ್ಕೆ ಮುಗಿಯುತ್ತದೆ. ಮುಂದಿನದು ಬೇರೆ ಭಾವ. ನನ್ನ ಪಾತ್ರ ಇನ್ನೂ ಅಳುತ್ತಿರುವಾಗ ಹಾಡು ಕುಣಿಯಲು ಶುರು ಮಾಡುತ್ತದೆ.

ತಂಬೂರಿಯಲ್ಲಿ ಮಾತು ಇಲ್ಲ. ಅದು ನಡುವೆ ಮುಗಿಯುವುದೂ ಇಲ್ಲ.

ಆಗ ನಾನು ಬರೆಯುತ್ತಿದ್ದದ್ದು ಅಘನಾಶಿನಿ ಅಳಿವೆಯ ಹತ್ತಿರದ ಒಬ್ಬ ಹುಡುಗನ ಕಥೆ. ಅವನ ತಾಯಿ ಇಳಿತದ ಹೊತ್ತಿಗೆ ಹೊಳೆಗಿಳಿದು ಬೆಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಾಳೆ. ಅಜ್ಜನಿಂದ ಹುಡುಗ ಭಾಗವತಿಕೆ ಕಲಿಯುತ್ತಿದ್ದಾನೆ. 13 ವರ್ಷ. ಒಳ್ಳೆಯ ಕಂಠ, ಏರು ಶ್ರುತಿಯಲ್ಲಿ ಪದ ಹೇಳಿದರೆ ಊರಿಗೆ ಊರೇ ಕಿವಿಗೊಡುತ್ತದೆ. ಅಂಥವನ ದನಿ ಒಡೆಯಲು ಶುರುವಾಗುತ್ತದೆ. ಈ ವಯಸ್ಸಿನಲ್ಲಿ ಗಂಡುಮಕ್ಕಳ ಗಂಟಲಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಸುಮಾರು ಒಂದು ಸ್ಥಾಯಿ, ಅಂದರೆ ಒಂದು ಸ-ದಿಂದ ಅದರ ಕೆಳಗಿನ ಸ-ದಷ್ಟು, ಕೆಳಗಿಳಿಯುತ್ತದೆ. ಅದು ಎಲ್ಲರಿಗೂ ಆಗುವುದೇ. ಆದರೆ ಹಾಡುವ ಹುಡುಗನಿಗೆ ಅದು ಮನೆ ಕುಸಿದ ಹಾಗೆ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಇಂಥ ಒಬ್ಬಿಬ್ಬರು ಇರುತ್ತಾರೆ. ಪ್ರಾರ್ಥನೆಗೆ ಮುಂದೆ ನಿಲ್ಲುತ್ತಿದ್ದವರು ಒಂದು ದಿನ ಸುಮ್ನೆ ಹಿಂದಿನ ಸಾಲಿಗೆ ಹೋಗಿಬಿಡುತ್ತಾರೆ. ಯಾಕೆ ಅಂತ ಕೇಳಿದರೆ ಹೇಳುವುದಿಲ್ಲ.

ಈ ಕಥೆ ನಾಲ್ಕು ತಿಂಗಳು ನಿಂತಲ್ಲೇ ನಿಂತಿತ್ತು. ಹುಡುಗನ ದುಃಖವನ್ನು ನಾನು ಹೊರಗಿನಿಂದ ಹೇಳುತ್ತಿದ್ದೆ. ಒಂದು ರಾತ್ರಿ ಪೆಟ್ಟಿಗೆಯ ತಿರುಗಣೆಯನ್ನು ಕರಿ 4ರಿಂದ ಒಂದೇ ಮನೆ ಇಳಿಸಿದೆ. ಬಿಳಿ 5. ಇಳಿದಿದ್ದು ಅಷ್ಟೇ ಅಷ್ಟು. ಆದರೆ ಕೋಣೆಯ ಬೆಳಕೇ ಬದಲಾದ ಹಾಗಾಯಿತು. ಅಲ್ಲಿ ನನಗೆ ದಾರಿ ಸಿಕ್ಕಿತು. ಕರಿ 4, ಬಿಳಿ 5, ಕರಿ 3, ಬಿಳಿ 4, ಬಿಳಿ 3, ಕರಿ 2, ಬಿಳಿ 2, ಕರಿ 1. ಒಟ್ಟು ಎಂಟು ಮನೆ. ಒಂದೊಂದು ಮನೆಗೆ ಎರಡು ಅಧ್ಯಾಯ, ಒಟ್ಟು 16. ಹುಡುಗನ ದನಿ ಇಳಿದ ಹಾಗೆ ಪೆಟ್ಟಿಗೆಯನ್ನೂ ಇಳಿಸುತ್ತಾ ಬರೆದೆ. ಒಂದು ಮನೆ ಬಿಟ್ಟ ಮೇಲೆ ಮತ್ತೆ ಮೇಲೆ ಏರಿಸಬಾರದು ಅಂತ ನಿಯಮ ಮಾಡಿಕೊಂಡೆ. ಹಿಂದಿನ ಅಧ್ಯಾಯ ತಿದ್ದಬೇಕಾದರೂ ತಿದ್ದುವಾಗ ಇಳಿದು ನಿಂತಿದ್ದ ಶ್ರುತಿಯಲ್ಲೇ ಕೂತು ತಿದ್ದಿದೆ.

ಇದರಿಂದ ಒಂದು ವಿಷಯ ಅರ್ಥವಾಯಿತು. ಕರಿ 3ಕ್ಕೆ ಬರುವ ಹೊತ್ತಿಗೆ ನನಗೇ ಮೇಲಿನ ಶ್ರುತಿ ನೆನಪಾಗಿ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಹುಡುಗನಿಗೆ ಆಗುತ್ತಿದ್ದದ್ದೂ ಅದೇ. ಬಿಳಿ 3ರ ಹೊತ್ತಿಗೆ ಕೆಳಗಿನ ಶ್ರುತಿಯಲ್ಲೂ ಒಂದು ದಪ್ಪ, ಬೆಚ್ಚಗಿನ ನಾದ ಇದೆ ಅಂತ ಕಿವಿ ಒಪ್ಪಿಕೊಂಡಿತು. ಹುಡುಗ ಮದ್ದಳೆ ಕಡೆ ತಿರುಗುವುದು ಆ ಅಧ್ಯಾಯದಲ್ಲೇ. ಅದನ್ನು ನಾನು ಮೊದಲೇ ಯೋಚಿಸಿ ಇಟ್ಟಿರಲಿಲ್ಲ.

ಇನ್ನೊಂದು ಉಪಯೋಗ ಸಂಭಾಷಣೆಗೆ. ಬರೆದ ಮಾತನ್ನು ತಂಬೂರಿ ಮೇಲೆ ಗಟ್ಟಿಯಾಗಿ ಓದಿ ನೋಡಿ. ಮಕ್ಕಳು ನಿಜವಾಗಿ ಆಡುವ ಮಾತು ಎಳೆದು, ತುಂಡಾಗಿ, ಏರಿ ಇಳಿಯುತ್ತದೆ. ದೊಡ್ಡವರು ಬುದ್ಧಿ ಹೇಳಲು ಸೇರಿಸಿದ ಮಾತು ಮಾತ್ರ ಒಂದೇ ಸಮ, ಸ್ವಾತಂತ್ರ್ಯ ದಿನದ ಭಾಷಣದ ರಾಗದಲ್ಲಿ ಬರುತ್ತದೆ. ಹಿಂದೆ ನಾದ ಇದ್ದಾಗ ಅದು ಥಟ್ಟನೆ ಗೊತ್ತಾಗುತ್ತದೆ. ಹಾಗೆ ಗೊತ್ತಾದ ಸಾಲುಗಳನ್ನೆಲ್ಲ ಹೊಡೆದು ಹಾಕಿದೆ. ಹದಿಹರೆಯದವರಿಗೆ ಬರೆಯುವವರು ಈ ಕೆಲಸ ಮಾಡಲೇಬೇಕು. ನಮ್ಮಲ್ಲಿ ಆ ವಯಸ್ಸಿಗೆ ಅಂತಲೇ ಬರೆದ ಪುಸ್ತಕ ಕಡಿಮೆ. ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರದಲ್ಲೂ 9ರಿಂದ 16 ವರ್ಷದವರಿಗೆಲ್ಲ ಒಂದೇ ಗುಂಪು. ಆದರೆ 9ರ ಮಗುವಿನ ದನಿ ಬೇರೆ, 15ರ ಹುಡುಗನ ದನಿ ಬೇರೆ. 15ರವನಿಗೆ 9ರ ದನಿಯಲ್ಲಿ ಕಥೆ ಹೇಳಿದರೆ ಪುಸ್ತಕ ಮುಚ್ಚಿಡುತ್ತಾನೆ.

ಇನ್ನು ಒಪ್ಪಿಕೊಳ್ಳಬೇಕಾದ ಕೊರತೆ. ತಂಬೂರಿ ಎಲ್ಲವನ್ನೂ ಗಂಭೀರ ಮಾಡುತ್ತದೆ. ಮೊದಲ ಏಳು ಅಧ್ಯಾಯ ಓದಿದ ನನ್ನ ಅಣ್ಣನ ಮಗ, ಹತ್ತನೇ ಕ್ಲಾಸು, ‘ಅತ್ತೆ, ಇದ್ರಲ್ಲಿ ಯಾರೂ ನಗಾಡೂದೇ ಇಲ್ವಲ್ಲ?’ ಎಂದ. ನೋಡಿದರೆ ಹೌದು. ತದಡಿಗೆ ಹೋಗುವ ದೋಣಿಯಲ್ಲಿ ಆರು ಮಕ್ಕಳು ಕೂತಿದ್ದಾರೆ, ಒಬ್ಬರೂ ಜಗಳ ಆಡುತ್ತಿಲ್ಲ! ಅಂಥ ದೃಶ್ಯಗಳಿಗೆ ಪೆಟ್ಟಿಗೆ ಬಂದ್ ಮಾಡಿದೆ. ಸುಗ್ಗಿಯಲ್ಲಿ ಹಾಲಕ್ಕಿ ಸಮುದಾಯದವರು ಗುಮಟೆ ಬಾರಿಸುವುದನ್ನು ಅಂಕೋಲಾ ಕಡೆ ಹೋದಾಗ ಕೇಳಿದ್ದೆ. ಮಣ್ಣಿನ ಮಡಕೆಯ ಆ ಗುಂ ಗುಂ ಪೆಟ್ಟನ್ನು ಮೇಜಿನ ಮೇಲೆ ಬೆರಳಲ್ಲಿ ಹಿಡಿದುಕೊಂಡು ದೋಣಿಯ ಅಧ್ಯಾಯ ಮತ್ತೆ ಬರೆದೆ. ಈಗ ಅಲ್ಲಿ ಒಬ್ಬಳ ಚಪ್ಪಲಿ ನೀರಿಗೆ ಬೀಳುತ್ತದೆ.

ಕರಾವಳಿಯವರಿಗೆ ಬೇಕಾದ ವಿಷಯ ಈಗ. ಉಪ್ಪು ಗಾಳಿಗೆ ಈ ಪೆಟ್ಟಿಗೆ ಹೇಳಿ ಮಾಡಿಸಿದ್ದಲ್ಲ. ಎರಡನೇ ಮಳೆಗಾಲದಲ್ಲಿ ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಹಿಡಿಯಿತು. ಶ್ರುತಿಯ ತಿರುಗಣೆ ಮುಟ್ಟಿದರೆ ಕರಕರ ಅನ್ನಲು ಶುರು. ದನಿ ಜಾಸ್ತಿ ಮಾಡಿದರೆ ಮಂದ್ರ ಷಡ್ಜ ಒಡೆದು ಬರುತ್ತಿತ್ತು. ಕೊರಿಯರ್ ಮಾಡಿ ಸರ್ವಿಸ್‌ಗೆ ಕಳಿಸಿದೆ. ಏಳು ವಾರ ಕಾದೆ. ಫೋನ್ ಎತ್ತಿದವರೆಲ್ಲ ‘ನಾಳೆ’ ಎಂದರು. ಕೊನೆಗೆ ಹಾಗೇ ವಾಪಸ್ ಬಂತು, ಕರಕರ ಸಮೇತ. ಆ ಏಳು ವಾರ ನಾನು ಬಿಳಿ 4ರಲ್ಲಿ ನಿಂತಿದ್ದೆ, ಒಂದು ಸಾಲೂ ಮುಂದೆ ಹೋಗಲಿಲ್ಲ. ತುಂಬ ನೋವಾದ ದಿನಗಳು ಅವು.

ಸರಿ ಮಾಡಿದ್ದು ನಮ್ಮೂರಿನ ರೇಡಿಯೊ ರಿಪೇರಿಯವರು. ‘ಅಕ್ಕೋರೇ, ಇದಕ್ಕೆ ದೊಡ್ಡ ಕಾಯಿಲೆ ಏನೂ ಇಲ್ಲ, ತೇವ ಕೂತಿದೆ’ ಎಂದು ತಿರುಗಣೆ ಬಿಚ್ಚಿ ಒರೆಸಿ ಕೊಟ್ಟರು. 150 ರೂಪಾಯಿ. ಅಂದಿನಿಂದ ನಾನು ಮಾಡುವುದು ಇಷ್ಟು: ಜೂನ್‌ನಲ್ಲಿ ಸೆಲ್ ತೆಗೆದಿಡುತ್ತೇನೆ, ಕರೆಂಟು ಹೋದಾಗ ಮಾತ್ರ ಹಾಕುತ್ತೇನೆ. ಕಿಲುಬು ಕಂಡರೆ ಹತ್ತಿಗೆ ನಿಂಬೆರಸ ಹಚ್ಚಿ ಒರೆಸಿ, ಪೂರ್ತಿ ಒಣಗಿಸುತ್ತೇನೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಪೆಟ್ಟಿಗೆಯ ಚೀಲದಲ್ಲಿ ಇಡುತ್ತೇನೆ. ಎರಡು ವರ್ಷದಿಂದ ತೊಂದರೆ ಇಲ್ಲ.

ಫೋನಿನಲ್ಲಿ ತಂಬೂರಿ ಆ್ಯಪ್ ಸಿಗುತ್ತದಲ್ಲ, ಅದು ಸಾಲದೇ ಎಂದು ಕೇಳುವವರಿದ್ದಾರೆ. ನಾದ ಚೆನ್ನಾಗಿಯೇ ಇದೆ, ದುಡ್ಡೂ ಉಳಿಯುತ್ತದೆ. ಹಾಡು ಕಲಿಯುವವರಿಗೆ ಸಾಕು. ಬರೆಯುವವರಿಗೆ ಅದು ಸಾಕು ಅಂತ ನಾನು ಹೇಳುವುದಿಲ್ಲ. ಫೋನ್ ಮೇಜಿನ ಮೇಲಿದ್ದರೆ ಮೆಸೇಜೂ ಮೇಜಿನ ಮೇಲಿರುತ್ತದೆ. ಮತ್ತೆ, ಬೆರಳಲ್ಲಿ ತಿರುಗಣೆ ಹಿಡಿದು ಒಂದು ಮನೆ ಇಳಿಸುವ ಆ ಕ್ಷಣ ಗಾಜಿನ ಮೇಲೆ ಒತ್ತಿದರೆ ಸಿಗುವುದಿಲ್ಲ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಸರ್ವಿಸ್‌ ಕಾರಣಕ್ಕೆ.

ಹೊಸ ಕಾದಂಬರಿಯಲ್ಲಿ ಇಬ್ಬರು ಅಕ್ಕತಂಗಿಯರು. ಅಕ್ಕನಿಗೆ ಕರಿ 5 ಅಂತ ಗೊತ್ತಾಗಿದೆ. ತಂಗಿಯದು ಇನ್ನೂ ಸಿಕ್ಕಿಲ್ಲ. ದಿನಾ ಬೆಳಿಗ್ಗೆ ಐದಕ್ಕೆ ಎದ್ದು, ಮೀನಿನವರ ಗಾಡಿ ಬರುವ ಮೊದಲು, ಒಂದೊಂದೇ ಮನೆ ತಿರುಗಿಸಿ ಅವಳ ಮೊದಲ ಮಾತನ್ನು ಓದಿ ನೋಡುತ್ತಿದ್ದೇನೆ.